ಒಂದು ಪುಟದ ಫೋಟೋ ನೋಡಿ ಪುಸ್ತಕ ತೆಗೆಯಬೇಡಿ

ಮಂಗಳೂರು, ಉಡುಪಿಯ ಎಷ್ಟೋ ವಿದ್ಯಾಸಂಸ್ಥೆಗಳಲ್ಲಿ ಹೈಸ್ಕೂಲಿಗೂ ಪಿಯುಸಿಗೂ ಒಂದೇ ಲೈಬ್ರರಿ. 13ರ ಹುಡುಗಿಯೂ 17ರ ಹುಡುಗನೂ ಕೈಹಾಕುವುದು ಅದೇ ಕಪಾಟಿಗೆ. ಅಶ್ಲೀಲದ ದೂರು ಹುಟ್ಟುವುದೂ ಅಲ್ಲಿಯೇ. ಯಾವುದೋ ಪುಟದ ಫೋಟೋ ಪೋಷಕರ ವಾಟ್ಸಾಪ್ ಗುಂಪಿಗೆ ಬೀಳುತ್ತದೆ. ಸಂಜೆಯೊಳಗೆ ಪುಸ್ತಕ ಬೀರು ಸೇರುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ಬೂಸ್ಟು ಹಿಡಿದು, ಸ್ಟಾಕ್ ಲೆಕ್ಕದಲ್ಲಿ ‘ಕಾಣೆಯಾಗಿದೆ’ ಎಂದಾಗುತ್ತದೆ. ತೆಗೆದವರಾರು, ಏಕೆ? ದಾಖಲೆಯೇ ಇಲ್ಲ.

ಪೋಷಕರ ಆತಂಕ ಸುಳ್ಳಲ್ಲ. 18 ತುಂಬದವರಿಗೆ ಅಶ್ಲೀಲ ವಸ್ತು ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 295ನೇ ಕಲಂ ಪ್ರಕಾರ ಅಪರಾಧ. ಆದರೆ ಅಶ್ಲೀಲ ಯಾವುದೆಂದು ಹೇಳುವ 294ನೇ ಕಲಂ ಕೃತಿಯನ್ನು ಇಡಿಯಾಗಿ ನೋಡಬೇಕೆನ್ನುತ್ತದೆ. ವಿಜ್ಞಾನ, ಸಾಹಿತ್ಯ, ಕಲೆ, ಕಲಿಕೆಯ ಹಿತಕ್ಕಾಗಿ ಇರುವುದಕ್ಕೆ ವಿನಾಯಿತಿಯನ್ನೂ ಕೊಡುತ್ತದೆ. ಬಿಡಿ ವಾಕ್ಯ ಹೆಕ್ಕಿ ತೀರ್ಪು ಕೊಡಲು ದಾರಿಮಾಡಿದ್ದ, ಇಂಗ್ಲೆಂಡಿನ 1868ರ ಹಿಕ್ಲಿನ್ ಮಾನದಂಡವನ್ನು ಸುಪ್ರೀಂ ಕೋರ್ಟು 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಕೈಬಿಟ್ಟಿದೆ. ಒಂದು ಎಚ್ಚರ: ಕಥಾಸಂಕಲನವಾದರೆ ಪ್ರತಿ ಕಥೆಯನ್ನೂ ಬೇರೆಯಾಗಿಯೇ ತೂಗಬೇಕಾಗುತ್ತದೆ.

ಹಾಗಾಗಿ ದೂರು ಬರಹದಲ್ಲೇ ಬರಲಿ. ಪುಸ್ತಕದ ಅಕ್ಸೆಷನ್ ನಂಬರ್ (ಲೈಬ್ರರಿಗೆ ಬಂದಾಗ ಪ್ರತಿ ಪ್ರತಿಗೂ ಕೊಡುವ ದಾಖಲೆ ಸಂಖ್ಯೆ), ಪುಟ, ದೂರುದಾರರು ಪೂರ್ತಿ ಓದಿದ್ದಾರೆಯೇ, ಯಾವ ತರಗತಿಗೆ ಬೇಡವೆನ್ನುತ್ತಾರೆ, ಇಷ್ಟು ಸಾಕು. ಲೈಬ್ರೇರಿಯನ್, ಕನ್ನಡ ಮತ್ತು ಜೀವಶಾಸ್ತ್ರದ ಶಿಕ್ಷಕರು, ಇಬ್ಬರು ಪೋಷಕರು ಸೇರಿ ಓದಲಿ. ಇಂಥ ಸಮಿತಿಗಳು ಸೋಲುವುದು ಹೆಚ್ಚಾಗಿ ಪ್ರತಿಗಳ ಕೊರತೆಯಿಂದ. ಒಂದೇ ಪ್ರತಿಯನ್ನು ಐವರು ವಾರಕ್ಕೊಬ್ಬರಂತೆ ಓದಿದರೂ ಐದು ವಾರ ಬೇಕು. ಇನ್ನೆರಡು ಪ್ರತಿ ತಂದರೆ ಎರಡೇ ವಾರ. ಅಲ್ಲಿಯವರೆಗೆ ಪಿಯುಸಿಯವರಿಗೆ ಎಂದಿನಂತೆ ಕೊಡಿ, ಹೈಸ್ಕೂಲಿನವರಿಗೆ ಮನೆಯವರ ಚೀಟಿ ಇದ್ದರೆ ಕೊಡಿ.

ಬಹುಪಾಲು ದೂರಿಗೆ ಪರಿಹಾರ ಕಪಾಟು ಬದಲಿಸುವುದು, ಪುಸ್ತಕವನ್ನೇ ತೆಗೆಯುವುದಲ್ಲ. ಬೆನ್ನಿಗೆ ಕೆಂಪು ಸ್ಟಿಕ್ಕರ್ ಮಾತ್ರ ಅಂಟಿಸಬೇಡಿ, ಮಕ್ಕಳು ಮೊದಲು ಹುಡುಕುವುದೇ ಅದನ್ನು. ಪುಸ್ತಕ ಯಾವ ಕಪಾಟಿನದೆಂದು ತಿಳಿಸುವ ಕಾಲ್ ನಂಬರಿನ ಮುಂದೆ ‘ಪಿಯು’ ಎಂದು ಬರೆದರಾಯಿತು. ಲೈಬ್ರರಿ ನಿರ್ವಹಣೆಯ ಕೊಹಾ ತಂತ್ರಾಂಶವಿದ್ದಲ್ಲಿ ಸದಸ್ಯರ ವರ್ಗಕ್ಕೆ ತಕ್ಕಂತೆ ಪುಸ್ತಕ ಕೊಡುವ ನಿಯಮ ಹಾಕಬಹುದು.

ಮುಟ್ಟು, ಗರ್ಭಧಾರಣೆ, ಕೆಟ್ಟ ಸ್ಪರ್ಶದ ಬಗ್ಗೆ ತಿಳಿಸುವ ಪುಸ್ತಕಗಳನ್ನು ‘ಪಿಯು’ ಗುರುತಿನ ಗುಂಪಿಗೆ ಸೇರಿಸಲೇಬಾರದು. ಹತ್ತನೇ ತರಗತಿಯ ವಿಜ್ಞಾನ ಪಠ್ಯದಲ್ಲೇ ಸಂತಾನೋತ್ಪತ್ತಿಯ ಪಾಠವಿದೆ. ಲೈಬ್ರರಿಯಲ್ಲಿ ಸಿಗದ ಉತ್ತರವನ್ನು ಮಗು ಮೊಬೈಲಿನಲ್ಲಿ ಹುಡುಕುತ್ತದೆ, ಅಲ್ಲಿ ಸಿಗುವುದು ಏನೆಂದು ಎಲ್ಲರಿಗೂ ಗೊತ್ತು.

ತೀರ್ಮಾನ ಯಾವುದೇ ಆಗಲಿ, ತಾರೀಖು, ಎರಡು ಸಾಲಿನ ಕಾರಣ, ಐವರ ಸಹಿಯೊಂದಿಗೆ ದಾಖಲಾಗಲಿ. ಅಕ್ಸೆಷನ್ ರಿಜಿಸ್ಟರಿನ ಷರಾ ಕಾಲಂನಲ್ಲೂ ಅದರ ಉಲ್ಲೇಖ ಬರಲಿ. ಅದೇ ಪುಸ್ತಕದ ಮೇಲೆ ಮುಂದಿನ ವರ್ಷ ಮತ್ತೆ ದೂರು ಬಂದಾಗ ಮೊದಲು ತೆರೆಯಬೇಕಾದದ್ದು ಆ ಪುಟ.