ನನ್ನ ಹಲ್ಲಿನ ಬೇರಿಗೆ ಸಿಮೆಂಟು

ಇಪ್ಪತ್ತು ವರ್ಷದ ಮೇಲಾಯ್ತು, ತುಮಕೂರಿನಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟ್ ಮಾಡುತ್ತಿದ್ದೇನೆ. ಎಷ್ಟು ಸಾವಿರ ಮೂಟೆ ಸಿಮೆಂಟು ಕೈದಾಟಿ ಹೋಗಿದೆಯೋ ಲೆಕ್ಕ ಇಟ್ಟಿಲ್ಲ. ಒಂದು ಚಿಟಿಕೆ ನನ್ನ ಬಾಯಿಯೊಳಗೇ ಬಂದು ಕೂರುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

2003ರಲ್ಲಿ ಗುಬ್ಬಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದೆ. ಮೇಲಿನ ಮುಂದಿನ ಹಲ್ಲಿಗೆ ಏಟಾಯ್ತು. ಹಲ್ಲು ಉದುರಲಿಲ್ಲ, ಒಳಗೊಳಗೇ ಸತ್ತುಹೋಯ್ತು. ರೂಟ್ ಕೆನಾಲ್ ಮಾಡಿಸಿದರೂ ಬೇರಿನ ತುದಿಯಲ್ಲಿ ಕೀವು ನಿಲ್ಲಲಿಲ್ಲ. ಕೊನೆಗೆ ಒಸಡು ಬಿಡಿಸಿ, ಮೂಳೆ ಕೊರೆದು, ಬೇರಿನ ತುದಿ ಕತ್ತರಿಸಿ, ಆ ಕಡೆಯಿಂದಲೇ ಒಂದು ಸಣ್ಣ ತೂತು ಮಾಡಿ ತುಂಬಿದರು. ಏಪಿಕೋಎಕ್ಟಮಿ ಅಂತಾರೆ. ತುಂಬಿದ್ದು ಅಮಾಲ್ಗಮ್: ಬೆಳ್ಳಿ, ತವರ, ತಾಮ್ರದ ಪುಡಿಯನ್ನು ಪಾದರಸದಲ್ಲಿ ಕಲಸಿದ್ದು. ದಶಕಗಳ ಕಾಲ ಡಾಕ್ಟರುಗಳು ಅದನ್ನೇ ತುಂಬುತ್ತಿದ್ದರು. ಯಾರನ್ನೂ ಬೈಯುವ ಹಾಗಿಲ್ಲ.

ನೋವು ಹೋಯ್ತು. ಮೂರ್ನಾಲ್ಕು ವರ್ಷದ ಮೇಲೆ ಒಸಡಿನಲ್ಲಿ ಒಂದು ಕಲೆ ಕಾಣಿಸಿತು. ಮೊದಲು ಎಳ್ಳಿನಷ್ಟು, ಆಮೇಲೆ ಉದ್ದಿನ ಕಾಳಿನಷ್ಟು. ಬೂದಿ ಬಣ್ಣ, ಅಂಚಿನಲ್ಲಿ ಸ್ವಲ್ಪ ನೀಲಿ. ನಕ್ಕಾಗ ತುಟಿ ಮೇಲೆ ಹೋದರೆ ಕಾಣುತ್ತಿತ್ತು. ಒಂದು ಮದುವೆ ಮನೆಯಲ್ಲಿ ಹೆಂಡತಿ "ಏನ್ರೀ ಅದು, ಅಡಿಕೆ ಚೂರಾ?" ಅಂತ ಸೆರಗಿನಿಂದ ಒರೆಸೋಕೇ ಬಂದಳು.

2022ರಲ್ಲಿ ಅದೇ ಜಾಗ ಮತ್ತೆ ಊದಿಕೊಂಡಿತು. ಈ ಸಲ ನೋಡಿದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕಲೆ ನೋಡಿದ ಕೂಡಲೇ "ಅಮಾಲ್ಗಮ್ ಟ್ಯಾಟೂ ಸಾರ್" ಅಂದರು. ಒಳಗಿನ ನೀರಿನ ಅಂಶಕ್ಕೆ ಆ ಲೋಹ ಸವೆಯುತ್ತದಂತೆ. ಸಣ್ಣ ಕಣಗಳು ಬಿಟ್ಟುಕೊಂಡು ಪಕ್ಕದ ಒಸಡಿನಲ್ಲಿ ಹೂತುಕೊಳ್ಳುತ್ತವೆ. ನನಗೆ ಇದು ಬೇಗ ಅರ್ಥವಾಯ್ತು. ಕಂಬಿ ಮುಚ್ಚುವ ಕಾಂಕ್ರೀಟು ಸಾಲದ ಸ್ಲ್ಯಾಬಿನಲ್ಲಿ ಕಂಬಿ ತುಕ್ಕು ಹಿಡಿದರೆ ಕೆಳಗೆ ಬಣ್ಣ ಇಳಿಯುತ್ತಲ್ವಾ, ಹಾಗೆ.

"ಹಾಗಾದರೆ ದೇಹ ಇಷ್ಟು ವರ್ಷ ಹೇಗೆ ಸುಮ್ನಿತ್ತು?" ಅಂತ ಕೇಳಿದೆ. ಸುಮ್ನಿರಲಿಲ್ಲವಂತೆ. ಇಂಥ ವಸ್ತುವಿನ ಸುತ್ತ ಸಣ್ಣ ಮಟ್ಟದ ಉರಿಯೂತ ನಡೆಯುತ್ತಲೇ ಇರಬಹುದು. ದೇಹ ಸುತ್ತಲೂ ನಾರಿನಂಥ ಪದರ ಕಟ್ಟಿ ಅದನ್ನು ದೂರ ಇಡುತ್ತದೆ. ಒಂದೇ ಮನೆಯಲ್ಲಿ ಮಧ್ಯೆ ಗೋಡೆ ಎಬ್ಬಿಸಿಕೊಂಡ ದಾಯಾದಿಗಳ ನೆನಪಾಯ್ತು ನನಗೆ.

ಅಮಾಲ್ಗಮ್ ಆದಮೇಲೆ ಡಾಕ್ಟರುಗಳು ಐಆರ್‌ಎಂ, ಸೂಪರ್ ಇಬಿಎ ಅನ್ನುವವನ್ನು ಹಿಡಿದರಂತೆ. ಎರಡರಲ್ಲೂ ಇರುವುದು ಸತುವಿನ ಆಕ್ಸೈಡ್ ಮತ್ತು ಯೂಜಿನಾಲ್, ಅಂದರೆ ಲವಂಗದ ಎಣ್ಣೆಯ ಸಾರ. ನಮ್ಮಮ್ಮ ಹಲ್ಲುನೋವಿಗೆ ಲವಂಗ ಕಚ್ಚಿಕೋ ಅನ್ನುತ್ತಿದ್ದಳು, ಕಚ್ಚಿದ ಕಡೆ ನಾಲಿಗೆ ಚುರುಗುಟ್ಟುತ್ತಿತ್ತು. ಯೂಜಿನಾಲ್ ಕೂಡ ಅಷ್ಟೇ. ಸ್ವಲ್ಪ ಇದ್ದರೆ ನೋವು ಶಮನ, ಜಾಸ್ತಿಯಾದರೆ ಜೀವಕೋಶಕ್ಕೆ ವಿಷ.

"ನಿಮಗೆ ಎಂಟಿಎ ಹಾಕ್ತೀನಿ" ಅಂದರು. ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್. ಅಗ್ರಿಗೇಟ್ ಅಂದರೆ ನಮ್ಮ ಕಡೆ ಜಲ್ಲಿ! ಜಲ್ಲಿಯೇನೂ ಇರಲಿಲ್ಲ. ಇದ್ದದ್ದು ಮುಕ್ಕಾಲು ಪಾಲು ಪೋರ್ಟ್‌ಲ್ಯಾಂಡ್ ಸಿಮೆಂಟು, ನೂರಕ್ಕೆ 20 ಭಾಗ ಎಕ್ಸ್‌ರೇಯಲ್ಲಿ ಕಾಣಲಿ ಅಂತ ಬಿಸ್ಮತ್ ಆಕ್ಸೈಡ್, 5 ಭಾಗ ಜಿಪ್ಸಂ.

"ಸಿಮೆಂಟಾ ಮೇಡಂ?" ಕುರ್ಚಿಯಲ್ಲಿ ಎದ್ದು ಕೂತೆ.

ಯಾಕೆಂದರೆ ಸಿಮೆಂಟು ಏನು ಮಾಡುತ್ತೆ ಅಂತ ನಾನು ನೋಡಿದ್ದೇನೆ. ಗಾರೆ ಕೆಲಸದವರ ಬೆರಳ ಸಂದಿ ಬೆಳ್ಳಗೆ ಬಿರಿದಿರುತ್ತದೆ. ಸಂಜೆ ಕೈ ತೊಳೆದು ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ. ಒಂದು ಸಲ ಸ್ಲ್ಯಾಬ್ ಹಾಕುವಾಗ ಒಬ್ಬ ಹುಡುಗ ಹಸಿ ಕಾಂಕ್ರೀಟಿನಲ್ಲಿ ಮಂಡಿಯೂರಿ ಬಹಳ ಹೊತ್ತು ಕೆಲಸ ಮಾಡಿದ. ರಾತ್ರಿ ಪ್ಯಾಂಟ್ ಬಿಚ್ಚಿದಾಗ ಮಂಡಿಯ ಚರ್ಮ ಸುಟ್ಟಿತ್ತು. ಇಂಥದ್ದನ್ನು ಕೊರೆದ ಮೂಳೆಯೊಳಗೆ ಇಡೋದಾ?

ಅವರು ಬೇಸರವಿಲ್ಲದೆ ವಿವರಿಸಿದರು. ಸಿಮೆಂಟಿಗೆ ನೀರು ಬಿದ್ದಾಗ ಸುಣ್ಣ ಹೊರಗೆ ಬರುತ್ತದೆ, ಎಲೆ ಅಡಿಕೆಗೆ ಹಚ್ಚುವ ಅದೇ ಸುಣ್ಣ. ಕಲಸಿದ ಕೂಡಲೇ ಎಂಟಿಎಯ ಪಿಎಚ್, ಅಂದರೆ ಕ್ಷಾರದ ಅಳತೆ, 10.2, ಮೂರು ಗಂಟೆಗೆ 12.5. ತಾಗಿದ ಜಾಗದಲ್ಲಿ ತೆಳ್ಳಗೆ ಒಂದು ಪದರ ಬೇಯುವುದು ನಿಜ, ಸುಣ್ಣ ಜಾಸ್ತಿಯಾದ ಎಲೆ ಹಾಕಿಕೊಂಡರೆ ಬಾಯಿ ಬೆಂದ ಹಾಗೆ. ಆದರೆ ಇಲ್ಲಿರೋದು ಸಾಸಿವೆ ಕಾಳಿನಷ್ಟು ಸರಕು, ಸುತ್ತ ರಕ್ತ ಹರಿಯುತ್ತಿರುತ್ತದೆ. ಬೇಯುವುದು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಆ ಸುಣ್ಣದ ಕ್ಯಾಲ್ಸಿಯಂ ದೇಹದ ನೀರಿನಲ್ಲಿರುವ ಫಾಸ್ಫೇಟ್ ಜೊತೆ ಸೇರಿ ಮೇಲೆ ಅಪಟೈಟ್ ಪದರ ಕೂರಿಸುತ್ತದೆ. ಮೂಳೆ, ಹಲ್ಲು ಆಗಿರುವುದೂ ಅದೇ ಜಾತಿಯ ಖನಿಜದಿಂದ. ಹೊರಗಿನಿಂದ ಬಂದದ್ದು ಅಂತ ಜೀವಕೋಶಗಳಿಗೆ ಅನ್ನಿಸುವುದೇ ಕಡಿಮೆ.

ಎಂಟಿಎ ಕಂಡುಹಿಡಿದದ್ದು ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ, ಮಹಮೂದ್ ತೊರಾಬಿನೆಜಾದ್ ಮತ್ತು ಅವರ ಜೊತೆಯವರು. ಮೊದಲ ವರದಿ ಬಂದದ್ದು 1993ರಲ್ಲಿ. ಪಾತ್ರೆಯಲ್ಲಿ ಬೆಳೆಸಿದ ಇಲಿಯ ಜೀವಕೋಶಗಳ ಮೇಲೆ, ಗಿನಿಪಿಗ್ ದವಡೆಯಲ್ಲಿ, ನಾಯಿ ಹಲ್ಲಿನಲ್ಲಿ, ಕೋತಿ ಹಲ್ಲಿನಲ್ಲಿ ಪರೀಕ್ಷೆಗಳು ನಡೆದವು. ಪಾಪ, ನನ್ನ ಒಂದು ಹಲ್ಲಿನ ಹಿಂದೆ ಎಷ್ಟು ಪ್ರಾಣಿಗಳು. 1997ರ ಕೋತಿ ಅಧ್ಯಯನ ನಾನೇ ಹುಡುಕಿ ಓದಿದೆ. ಐದು ತಿಂಗಳ ಮೇಲೆ ನೋಡಿದಾಗ ಎಂಟಿಎ ತುಂಬಿದ 6 ಬೇರಿನಲ್ಲಿ 5ರ ಪಕ್ಕ ಉರಿಯೂತವೇ ಇರಲಿಲ್ಲ, 5ರಲ್ಲಿ ಫಿಲ್ಲಿಂಗ್ ಮೇಲೆ ಪೂರ್ತಿ ಹೊಸ ಸಿಮೆಂಟಮ್ ಬೆಳೆದಿತ್ತು. ಅಮಾಲ್ಗಮ್ ತುಂಬಿದ ಎಲ್ಲದರಲ್ಲೂ ಉರಿಯೂತ. ಸಿಮೆಂಟಮ್ ಅಂದರೆ ಬೇರಿನ ಮೇಲಿನ ಹುಟ್ಟು ಪದರ. ಸಿಮೆಂಟಿನ ಮೇಲೆ ಸಿಮೆಂಟಮ್. ಹೆಸರಿಟ್ಟವರಿಗೆ ಇದು ಕನಸಿನಲ್ಲೂ ಬಂದಿರಲಿಕ್ಕಿಲ್ಲ.

ಆಪರೇಷನ್ ದಿನ ಬಾಯಿ ಮರಗಟ್ಟಿತ್ತು, ಕಿವಿ ಚೆನ್ನಾಗಿ ಕೇಳುತ್ತಿತ್ತು. ಹಳೆಯ ಅಮಾಲ್ಗಮ್ ತೆಗೆದು ಹತ್ತಿಬಟ್ಟೆಯ ಮೇಲಿಟ್ಟು ತೋರಿಸಿದರು. ಒಂದು ಕಪ್ಪು ನುಚ್ಚು. ಬೇರಿನ ತುದಿ 3 ಮಿಲಿಮೀಟರ್ ಕತ್ತರಿಸಿ, ಒಳಗೆ 3 ಮಿಲಿಮೀಟರ್ ಆಳದ ಗೂಡು ಮಾಡಿದರು. ಪಕ್ಕದಲ್ಲಿ ಸಹಾಯಕಿ ಗಾಜಿನ ಹಲಗೆ ಮೇಲೆ ಪುಡಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಕಲಸುತ್ತಿದ್ದಳು. ಮೂರು ಪಾಲು ಪುಡಿಗೆ ಒಂದು ಪಾಲು ನೀರು. ಹಸಿ ಮರಳಿನ ಹಾಗಿರಬೇಕು. "ನೀರು ಜಾಸ್ತಿ ಆಯ್ತಮ್ಮ, ಮತ್ತೆ ಕಲಸು" ಅಂತ ಡಾಕ್ಟರಮ್ಮ ಗದರಿದರು. ದಿನಕ್ಕೆ ಹತ್ತು ಸಲ ನಾನು ಹೇಳುವ ಮಾತು. ನಗು ಬಂತು, ಬಾಯಿ ಮಾತ್ರ ಅವರ ಕೈಯಲ್ಲಿತ್ತು.

ಇನ್ನೊಂದು ವಿಷಯ ನನಗೆ ಹಿಡಿಸಿತು. ತೇವ ಇದ್ದರೆ ಬೇರೆ ಫಿಲ್ಲಿಂಗ್ ಕೆಡುತ್ತವೆ, ಇದು ತೇವದಲ್ಲೇ ಗಟ್ಟಿಯಾಗುತ್ತದೆ. ಸೆಟ್ ಆಗಲು ಎರಡೂ ಮುಕ್ಕಾಲು ಗಂಟೆ. ಒತ್ತಡ ತಡೆಯುವ ಶಕ್ತಿ 24 ಗಂಟೆಗೆ 40 ಮೆಗಾಪ್ಯಾಸ್ಕಲ್, 21 ದಿನಕ್ಕೆ 67. ನಮ್ಮ 53 ಗ್ರೇಡ್ ಸಿಮೆಂಟಿನ ಕ್ಯೂಬು 28 ದಿನಕ್ಕೆ 53 ಮುಟ್ಟಿದರೆ ಪಾಸು.

ಹಾಗಂತ ಮೂಟೆ ಸಿಮೆಂಟು ಬಾಯಿಗೆ ನಡೆಯಲ್ಲ. ಅದರಲ್ಲಿ ಆರ್ಸೆನಿಕ್‌ನಂಥ ಕಲ್ಮಶ ಇರಬಹುದು, ಕಣವೂ ದಪ್ಪ. ಆಸ್ಪತ್ರೆಯದು ಶುದ್ಧ ಮಾಡಿದ್ದು, ನುಣ್ಣಗೆ ಅರೆದದ್ದು. ಅದಕ್ಕೇ ಆ ಬೆಲೆ. ಒಂದು ಗ್ರಾಂ ದುಡ್ಡಿನಲ್ಲಿ ನಾನು ಕೆಲವು ಮೂಟೆ ಇಳಿಸಿಕೊಳ್ಳಬಹುದಿತ್ತು. ಇನ್ನು ಯಶಸ್ಸನ್ನೆಲ್ಲ ಈ ಪುಡಿಗೇ ಕೊಡುವುದೂ ಸರಿಯಲ್ಲ. ಹಲವು ಅಧ್ಯಯನ ಒಟ್ಟುಹಾಕಿ 2010ರಲ್ಲಿ ಬಂದ ಲೆಕ್ಕದಲ್ಲಿ ಹಳೆ ಪದ್ಧತಿಯ ಆಪರೇಷನ್ 59% ಗೆದ್ದರೆ ಹೊಸದು 94%. ಹೊಸದರಲ್ಲಿ ಮೈಕ್ರೋಸ್ಕೋಪ್ ಇದೆ, ಕಂಪನದಿಂದ ಕೊರೆಯುವ ಅಲ್ಟ್ರಾಸೋನಿಕ್ ಮೊನೆ ಇದೆ. ಮಾಲು ಒಳ್ಳೆಯದಾದರೆ ಸಾಲದು, ಮೇಸ್ತ್ರಿ ಕೈಯೂ ನೆಟ್ಟಗಿರಬೇಕು.

ಒಂದು ವರ್ಷದ ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ಕುಳಿ ಮುಚ್ಚಿತ್ತು. ಮೂಳೆ ತುಂಬಿದೆ. ನನ್ನ ಸಿಮೆಂಟಿನ ಮೇಲೆ ಸಿಮೆಂಟಮ್ ಬೆಳೆದಿದೆಯಾ ಅಂದರೆ ಹಲ್ಲು ಕಿತ್ತು ಸೀಳಿ ನೋಡಬೇಕು, ಅದು ಬೇಡ. ಒಸಡಿನ ಬೂದಿ ಕಲೆ ಹಾಗೇ ಇದೆ.

ಸೈಟಿನಲ್ಲಿ ಮೇಸ್ತ್ರಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, ಬೀಡಿ ಆರಿಸಿ ಕೇಳಿದ: "ಕ್ಯೂರಿಂಗ್ ಎಷ್ಟು ದಿನ ಸಾರ್?"

"ನೀರು ಹೊಡೆಯೋದೇ ಬೇಡ ಕಣೋ, ಅದೇ ಕುಡ್ಕೊಳ್ಳುತ್ತೆ" ಅಂದೆ. ನಂಬಲಿಲ್ಲ.