ಫ್ಲ್ಯಾಶ್ ನಕ್ಷೆ ಕಳಚಿ ಓಪನ್‌ಲೇಯರ್ಸ್ ಕೂರಿಸುವಾಗ

ಬ್ರೌಸರ್‌ನಲ್ಲಿ ನಕ್ಷೆ, ಅನಿಮೇಷನ್ ಓಡಿಸುತ್ತಿದ್ದ ಪ್ಲಗಿನ್ (ಬ್ರೌಸರ್‌ಗೆ ಸೇರಿಸುವ ತಂತ್ರಾಂಶ) ಫ್ಲ್ಯಾಶ್‌ಗೆ ಅಡೋಬಿ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು; 2021ರ ಜನವರಿ 12ರಿಂದ ಪ್ಲೇಯರೇ ಕಡತಗಳನ್ನು ತೆರೆಯದಾಯಿತು. ಮೈಕ್ರೋಸಾಫ್ಟ್‌ನ ಇಂಥದೇ ಪ್ಲಗಿನ್ ಸಿಲ್ವರ್‌ಲೈಟ್ ಕಥೆ ಅದೇ ವರ್ಷ ಅಕ್ಟೋಬರ್ 12ಕ್ಕೆ ಮುಗಿಯಿತು. ಇವುಗಳಲ್ಲಿ ಕಟ್ಟಿದ ನಕ್ಷೆಯನ್ನು ಓಪನ್‌ಲೇಯರ್ಸ್‌ನಂಥ ಜಾವಾಸ್ಕ್ರಿಪ್ಟ್ ನಕ್ಷೆ ಲೈಬ್ರರಿಯಲ್ಲಿ ಹೊಸದಾಗಿ ಮೂಡಿಸುವುದು ದೊಡ್ಡ ಕೆಲಸವೇನಲ್ಲ. ಪ್ಲಗಿನ್ ಸದ್ದಿಲ್ಲದೆ ಮಾಡಿಕೊಡುತ್ತಿದ್ದ ಚಿಲ್ಲರೆ ಕೆಲಸಗಳು ನಿಂತಾಗಲೇ ಕಾಟ ಶುರು.

ಹಳೇ ಆ್ಯಪ್‌ನಲ್ಲಿ ಏನೇನಿತ್ತು ಎಂದು ಯಾರನ್ನೂ ಕೇಳಬೇಡಿ, ಎಲ್ಲರೂ ‘ಎಲ್ಲಾ ಬೇಕು’ ಅಂತಲೇ ಹೇಳುತ್ತಾರೆ. ಅದು ಆರ್ಕ್‌ಜಿಐಎಸ್‌ನ ಫ್ಲೆಕ್ಸ್ ವ್ಯೂವರ್ (ಫ್ಲ್ಯಾಶ್ ಮೇಲೆ ಓಡುತ್ತಿದ್ದ ಸಿದ್ಧ ನಕ್ಷೆ ಆ್ಯಪ್) ಆಗಿದ್ದರೆ ಅದರ ಕಾನ್ಫಿಗ್ ಎಕ್ಸ್‌ಎಂಎಲ್ ಕಡತದಲ್ಲಿ ಲೇಯರ್‌ಗಳ (ನಕ್ಷೆಯ ಪದರಗಳ) ವಿಳಾಸ, ವಿಜೆಟ್‌ಗಳ (ನಕ್ಷೆಯ ಮೇಲಿನ ಸಾಧನಗಳ) ಪಟ್ಟಿ ಸಿಗುತ್ತದೆ. ಅದನ್ನು ಸರ್ವರ್‌ನ ಹಳೇ ಲಾಗ್ ಜೊತೆ ತಾಳೆ ನೋಡಿ: ಯಾರೂ ತೆರೆಯದ ಲೇಯರ್‌ಗಳು ಅಲ್ಲೇ ಉದುರಿಹೋಗುತ್ತವೆ.

ಬೇರೆ ಸರ್ವರ್‌ನ ಡೇಟಾ ತರಲು ಅನುಮತಿ ಇದೆಯೇ ಎಂದು ಫ್ಲ್ಯಾಶ್ ಆ ಸರ್ವರ್‌ನ ಕ್ರಾಸ್‌ಡೊಮೈನ್ ಎಕ್ಸ್‌ಎಂಎಲ್ ಕಡತ ನೋಡುತ್ತಿತ್ತು. ಬ್ರೌಸರ್ ಅದನ್ನು ತಿರುಗಿಯೂ ನೋಡುವುದಿಲ್ಲ, ಅದಕ್ಕೆ ಬೇಕಾದ್ದು ಕಾರ್ಸ್ ಹೆಡರ್, ಅಂದರೆ ಸರ್ವರ್ ತನ್ನ ಉತ್ತರದ ಜೊತೆ ಕಳಿಸುವ ಅನುಮತಿ ಸಾಲು. ನಕ್ಷೆ ಒದಗಿಸುವ ಸರ್ವರ್ ತಂತ್ರಾಂಶ ಜಿಯೋಸರ್ವರ್ ಆದರೆ, ಅದರ ವೆಬ್ ಎಕ್ಸ್‌ಎಂಎಲ್‌ನಲ್ಲಿ ಕಾಮೆಂಟ್ ಗುರುತಿನೊಳಗೆ ಮುಚ್ಚಿಟ್ಟಿರುವ ಕಾರ್ಸ್ ಫಿಲ್ಟರ್ ಮತ್ತು ಅದರ ಮ್ಯಾಪಿಂಗ್, ಎರಡನ್ನೂ ತೆರೆಯಬೇಕು. ಜಿಯೋಸರ್ವರನ್ನು ಓಡಿಸುವ ಟಾಮ್‌ಕ್ಯಾಟ್‌ಗೂ ಜೆಟ್ಟಿಗೂ ಬೇರೆ ಬೇರೆ ತುಣುಕುಗಳಿವೆ. ಅದರ ಮುಂದೆ ನಿಂತು ಕೋರಿಕೆಗಳನ್ನು ದಾಟಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನಲ್ಲೂ ಅದೇ ಹೆಡರ್ ಸೇರಿಸಿದ್ದರೆ ಸರ್ವರ್‌ನ ಉತ್ತರದಲ್ಲಿ ಅದು ಎರಡು ಸಲ ಬರುತ್ತದೆ, ಬ್ರೌಸರ್ ಮತ್ತೆ ತಡೆಯುತ್ತದೆ. ಒಂದೇ ಕಡೆ ಇಡಿ.

ಸರ್ವರ್‌ನಿಂದ ನಕ್ಷೆಚಿತ್ರ ಕೇಳುವ ಮಾನಕ ಡಬ್ಲ್ಯೂಎಂಎಸ್‌ನ 1.1.1ರಿಂದ 1.3.0ಗೆ ಹೋದರೆ ಇಪಿಎಸ್‌ಜಿ 4326ರಲ್ಲಿ (ಅಕ್ಷಾಂಶ-ರೇಖಾಂಶ ಪದ್ಧತಿಯ ಸಂಕೇತ ಸಂಖ್ಯೆ) ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಕೈಯಾರೆ ಬರೆದ ಕೋರಿಕೆಯಲ್ಲಿ ಇದನ್ನು ಮರೆತರೆ ಬೆಂಗಳೂರು ಹುಡುಕಿದವರು ಉತ್ತರ ಧ್ರುವದ ಕಡೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿರುತ್ತಾರೆ.

ಕನ್ನಡದ ನಕ್ಷೆಗಳಿಗೆ ನಿಜವಾದ ತಲೆನೋವು ಊರ ಹೆಸರುಗಳದ್ದು. ಹಳೇ ಶೇಪ್‌ಫೈಲ್‌ನಲ್ಲಿ (ನಕ್ಷೆ ಡೇಟಾ ಕಡತದಲ್ಲಿ) ಹೆಸರುಗಳು ನುಡಿ ಆಸ್ಕಿಯಲ್ಲಿದ್ದು (ತನ್ನದೇ ಫಾಂಟ್ ಇಲ್ಲದೆ ಓದಲಾಗದ ಹಳೇ ಬರಹ ಸಂಕೇತ), ಫಾಂಟ್ ಫ್ಲ್ಯಾಶ್ ಕಡತದೊಳಗೇ ಅಡಕವಾಗಿದ್ದರೆ ತೆರೆಯ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ಫ್ಲ್ಯಾಶ್ ಹೋಯಿತು, ಹೆಸರುಗಳು ಕಲಸುಮೇಲೋಗರವಾದವು. ಯುನಿಕೋಡ್‌ಗೆ ಪರಿವರ್ತಿಸಿದರೆ ಇನ್ನೊಂದು ಪೆಟ್ಟು: ಯುನಿಕೋಡನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್. ‘ಚಿಕ್ಕಬಳ್ಳಾಪುರ’ಕ್ಕೆ 13 ಸಂಕೇತ, ಅಂದರೆ 39 ಬೈಟ್. ಶೇಪ್‌ಫೈಲ್‌ನ ಹೆಸರುಗಳಿರುವ ಡಿಬಿಎಫ್ ಕೋಷ್ಟಕದಲ್ಲಿ ಕಾಲಂ ಅಗಲ 30 ಬೈಟ್ ಇದ್ದರೆ ಉಳಿಯುವುದು ‘ಚಿಕ್ಕಬಳ್ಳಾ’. ಆದ್ದರಿಂದ ಮೊದಲು ಡೇಟಾವನ್ನು ಜಿಯೋಪ್ಯಾಕೇಜ್ ಕಡತಕ್ಕೆ ಅಥವಾ ಪೋಸ್ಟ್‌ಜಿಐಎಸ್ ಡೇಟಾಬೇಸ್‌ಗೆ ಸಾಗಿಸಿ, ಆಮೇಲೆ ಪರಿವರ್ತಿಸಿ. ಈ ಕ್ರಮ ತಿರುಗುಮುರುಗು ಆಗಬಾರದು.

ನಕ್ಷೆ ತೋರಿಸುವ ಲೈಬ್ರರಿಯನ್ನೂ ಊರ ಹೆಸರು ಹೇಗೆ ಮೂಡುತ್ತದೆ ಎಂದು ನೋಡಿಯೇ ಆರಿಸಬೇಕು. ಗ್ರಾಫಿಕ್ಸ್ ಚಿಪ್‌ನಿಂದ ಚಿತ್ರ ಬರೆಸುವ ವೆಬ್‌ಜಿಎಲ್ ಲೈಬ್ರರಿಗಳಲ್ಲಿ ಮೊದಲೇ ತಯಾರಿಸಿಟ್ಟ ಅಕ್ಷರಚಿತ್ರಗಳನ್ನು ಒಂದೊಂದಾಗಿ ಜೋಡಿಸುವ ಪದ್ಧತಿ ಇದೆ. ಇದರಲ್ಲಿ ಒತ್ತಕ್ಷರ ಕೆಳಗಿಳಿಯುವುದಿಲ್ಲ, ‘ಕ್ಕ’ ಬಿಡಿಬಿಡಿಯಾಗಿ ನಿಲ್ಲುತ್ತದೆ. ಅಂಥದೊಂದು ಲೈಬ್ರರಿಯಾದ ಮ್ಯಾಪ್‌ಲಿಬ್ರೆ ಆರಿಸುವ ಮುನ್ನ ನಿಮ್ಮ ಆವೃತ್ತಿಯಲ್ಲಿ ‘ಶ್ರೀರಂಗಪಟ್ಟಣ’ ಬರೆಸಿ ನೋಡಿ. ಓಪನ್‌ಲೇಯರ್ಸ್ ಕ್ಯಾನ್‌ವಾಸ್ (ಪುಟದೊಳಗೆ ಚಿತ್ರ ಬರೆಯುವ ಜಾಗ) ಮೇಲೆ ಬ್ರೌಸರ್‌ನಿಂದಲೇ ಬರೆಸುವುದರಿಂದ ಅಡ್ಡಸಾಲಿನ ಹೆಸರು ಸರಿಯಾಗಿ ಬರುತ್ತದೆ. ಬಾಗಿದ ರಸ್ತೆಯುದ್ದಕ್ಕೂ ಹೆಸರು ಓಡಿಸಲು ಹೋದರೆ ಅಲ್ಲೂ ಅಕ್ಷರ ಒಡೆಯಬಹುದು. ಕನ್ನಡಕ್ಕೆ ಆ ಶೋಕಿ ಬೇಡ ಎಂಬುದೇ ನಮ್ಮ ಅಭಿಪ್ರಾಯ.

ಪ್ರಿಂಟ್ ಬಟನ್‌ಗೆ ಕ್ಯಾನ್‌ವಾಸನ್ನು ಚಿತ್ರವಾಗಿ ಇಳಿಸಬೇಕು. ಬೇರೆ ಸರ್ವರ್‌ನಿಂದ ಬರುವ ಟೈಲ್‌ಗಳ (ನಕ್ಷೆಯ ಚೌಕ ತುಂಡುಗಳ) ಮೂಲಕ್ಕೆ ಕ್ರಾಸ್‌ಒರಿಜಿನ್ ಆಯ್ಕೆಯಲ್ಲಿ ‘ಅನಾನಿಮಸ್’ ಕೊಡದಿದ್ದರೆ ತೆರೆಯ ಮೇಲೆ ನಕ್ಷೆ ಚೆನ್ನಾಗಿಯೇ ಕಾಣುತ್ತದೆ, ಇಳಿಸುವಾಗ ಮಾತ್ರ ಭದ್ರತಾ ದೋಷ ಬರುತ್ತದೆ.

ಅಳತೆಯ ಸಾಧನ ಕೊನೆಗೆ ಉಳಿದುಬಿಡುತ್ತದೆ, ಜಗಳ ಬರುವುದು ಅಲ್ಲೇ. ಧ್ರುವದ ಕಡೆ ಹೋದಂತೆ ಜಾಗವನ್ನು ಹಿಗ್ಗಿಸಿ ತೋರಿಸುವ ವೆಬ್ ಮರ್ಕೇಟರ್ ನಕ್ಷೆ ಪದ್ಧತಿಯ ನಿರ್ದೇಶಾಂಕಗಳಿಂದ ನೇರವಾಗಿ ವಿಸ್ತೀರ್ಣ ತೆಗೆದರೆ ಬೆಂಗಳೂರಿನ 10 ಎಕರೆ ಸುಮಾರು 10 ಎಕರೆ 21 ಗುಂಟೆ ಎನ್ನುತ್ತದೆ. ಬೀದರ್‌ನಲ್ಲಿ 11 ಎಕರೆ ದಾಟುತ್ತದೆ. ಚಪ್ಪಟೆ ಆಕೃತಿಯ ಲೆಕ್ಕ ಹಾಕುವ, ಜ್ಯಾಮಿತಿಯ ಮೇಲಿನ ಗೆಟ್‌ಏರಿಯಾ ಬಿಟ್ಟು, ಭೂಮಿಯನ್ನು ಗೋಳವೆಂದು ಲೆಕ್ಕ ಹಾಕುವ ಓಪನ್‌ಲೇಯರ್ಸ್‌ನ ಸ್ಫಿಯರ್ ಮಾಡ್ಯೂಲ್‌ನ ಗೆಟ್‌ಏರಿಯಾ ಬಳಸಿ, ಸರ್ವೆ ಆಗಿರುವ ಒಂದು ಜಮೀನಿನ ಮೇಲೆ ಲೆಕ್ಕ ತಾಳೆ ಹಾಕಿ.