ಗುರುವಾರ ಬರುವ ಕೋಡ್

ಸುರತ್ಕಲ್‌ನ ನನ್ನ ರೂಮಿನಲ್ಲಿ ಸಂಜೆ ಹೊತ್ತು ನಾನು ಮಾಡುವುದು ವಿಕಿಪೀಡಿಯವನ್ನು ಓಡಿಸುವ ತಂತ್ರಾಂಶ ಮೀಡಿಯಾವಿಕಿಯ ಕೆಲಸ. 2016ರಲ್ಲಿ ಶುರುವಾದ ನಮ್ಮ ತುಳು ವಿಕಿಪೀಡಿಯ ಓಡುವುದೂ ಪಿಎಚ್‌ಪಿ ಭಾಷೆಯ ಇದೇ ಕೋಡ್ ಮೇಲೆ. ಪ್ರೀತಿ ಜಾಸ್ತಿ ಆಗದೆ ಇರುತ್ತದಾ?

ಹೊಸಬರು ಸುಮ್ನೆ ಹೆದರುತ್ತಾರೆ. ಬಗ್‌ಗಳ, ಅಂದರೆ ಕೋಡ್‌ನ ದೋಷಗಳ, ಪಟ್ಟಿ ಇರುವ ಫ್ಯಾಬ್ರಿಕೇಟರ್ ತಾಣದಲ್ಲಿ ಸಣ್ಣದೊಂದನ್ನು ಹುಡುಕಿ, ತಿದ್ದಿ, ಕೋಡ್ ಪರಿಶೀಲನೆ ನಡೆಯುವ ಗೆರಿಟ್ ತಾಣಕ್ಕೆ ಕಳಿಸಿ. ಮೊದಲು ಟೆಸ್ಟ್‌ಗಳು ತಾವಾಗಿಯೇ ಓಡುತ್ತವೆ. ಆಮೇಲೆ ಮುಖ ನೋಡದ ಯಾರೋ ನಿಮ್ಮ ಕೋಡನ್ನು ಸಾಲುಸಾಲಾಗಿ ಓದಿ ಪ್ರಶ್ನೆ ಕೇಳುತ್ತಾರೆ. ಆಫೀಸಿಗಿಂತ ಜಾಸ್ತಿ ನಾನು ಕಲಿತದ್ದು ಆ ಪ್ರಶ್ನೆಗಳಿಂದಲೇ. ಅವರು ‘ಪ್ಲಸ್ ಎರಡು’ ಎಂಬ ಒಪ್ಪಿಗೆ ಕೊಟ್ಟರೆ ಕೋಡ್ ಸೇರಿದ ಹಾಗೆ.

ಹೀಗೆ ಸೇರಿದ ಕೋಡ್ ಇರುವ ಹೊಸ ಆವೃತ್ತಿ ಸಾಮಾನ್ಯವಾಗಿ ಮಂಗಳವಾರ ಪರೀಕ್ಷಾ ವಿಕಿಗಳಿಗೆ ಹೋಗುತ್ತದೆ, ಗುರುವಾರ ಹೆಚ್ಚಿನ ವಿಕಿಪೀಡಿಯಗಳಿಗೆ. ಉಡುಪಿ, ಮಂಗಳೂರಿನ ಕಾಲೇಜು ಮಕ್ಕಳೇ, ಪಿಎಚ್‌ಪಿ ಬರದಿದ್ದರೆ ಜಾವಾಸ್ಕ್ರಿಪ್ಟ್ ಕೆಲಸ ಹಿಡಿಯಿರಿ. ಅದೂ ಬೇಕಾದಷ್ಟಿದೆ.